ಲಾ ಸ್ಕೂಲ್ ಕ್ಲಿನಿಕ್‌ನಲ್ಲಿ ಬೋಧನೆ ಮತ್ತು ವಲಸಿಗರ ಪರ ವಕಾಲತ್ತು: ಎರಡನ್ನೂ ಒಂದೇ ವೃತ್ತಿಯಾಗಿ ನಡೆಸಲು ಸಾಧ್ಯವೇ?

ಪ್ರಶ್ನೆ (ಕೇಳಿದವರು: ವಲಸೆ ಕಾನೂನಿನ ವಕೀಲೆ)

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ವಲಸಿಗರಿಗೆ ಉಚಿತ ಕಾನೂನು ನೆರವು ನೀಡುವ ಸಂಸ್ಥೆಯೊಂದರಲ್ಲಿ ವಕೀಲೆಯಾಗಿದ್ದೇನೆ. ಆಶ್ರಯ ಕೋರುವವರ ಅರ್ಜಿಗಳು, ಗಡೀಪಾರು ಪ್ರಕರಣಗಳು, ಬಲವಂತದ ದುಡಿಮೆಯಿಂದ ಪಾರಾಗಿ ಬಂದವರ ಟಿ-ವೀಸಾ ಅರ್ಜಿಗಳು ನನ್ನ ದಿನನಿತ್ಯದ ಕೆಲಸ. ನಾನು ಓದಿದ ಲಾ ಸ್ಕೂಲ್‌ನ ವಲಸೆ ಕ್ಲಿನಿಕ್ಕನ್ನು (ಬೋಧಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳೇ ನಿಜವಾದ ಕಕ್ಷಿದಾರರ ಪ್ರಕರಣಗಳನ್ನು ನಡೆಸುವ ಕಾನೂನು ನೆರವಿನ ಕೇಂದ್ರ) ದೀರ್ಘಕಾಲ ನಡೆಸಿದ ಪ್ರಾಧ್ಯಾಪಕಿಯೊಬ್ಬರು ಈಗ ನಿವೃತ್ತರಾಗುತ್ತಿದ್ದಾರೆ. ಅವರು ತರಗತಿಯಲ್ಲಿ ಪಾಠ ಹೇಳಿದರು, ನ್ಯಾಯಾಲಯದಲ್ಲಿ ವಾದಿಸಿದರು, ಮಾನವ ಕಳ್ಳಸಾಗಣೆಗೆ ಒಳಗಾದವರ ಪರವಾಗಿ ಶಾಸಕರ ಮುಂದೆ ಸಾಕ್ಷ್ಯ ಹೇಳಿದರು. ಇವೆಲ್ಲವೂ ಅವರ ಬದುಕಿನಲ್ಲಿ ಒಂದೇ ಕೆಲಸದ ಬೇರೆ ಬೇರೆ ಮುಖಗಳಂತೆ ಕಾಣುತ್ತಿದ್ದವು. ಆ ದಾರಿಯಲ್ಲಿ ನಡೆಯಬೇಕೆಂಬ ಆಸೆ ನನಗೂ ಇದೆ.

ಆದರೆ ಕೆಲವು ಸಂದೇಹಗಳು ನನ್ನನ್ನು ಬಿಡುತ್ತಿಲ್ಲ. ಇಂದು ನಾನು ನೇರವಾಗಿ ನಡೆಸುತ್ತಿರುವ ಪ್ರಕರಣಗಳ ಒಂದು ಸಣ್ಣ ಭಾಗವನ್ನಷ್ಟೇ ಕ್ಲಿನಿಕ್ಕೊಂದು ಕೈಗೆತ್ತಿಕೊಳ್ಳಬಲ್ಲದು. ವಕೀಲರಿಲ್ಲದೆ ನ್ಯಾಯಾಧೀಶರ ಮುಂದೆ ನಿಲ್ಲುವವರು ಇಷ್ಟೊಂದು ಮಂದಿ ಇರುವಾಗ ಬೋಧನೆಗೆ ಹೋಗುವುದು ಅವರನ್ನು ಕೈಬಿಟ್ಟಂತೆ ಆಗುವುದಿಲ್ಲವೇ? ಇನ್ನೊಂದು ಸಂದೇಹ ಇದಕ್ಕಿಂತ ಗಂಭೀರವಾದದ್ದು. ತೀವ್ರ ಹಿಂಸೆಯನ್ನು ಅನುಭವಿಸಿದ ವ್ಯಕ್ತಿಯೊಬ್ಬರ ಪ್ರಕರಣವನ್ನು ಇನ್ನೂ ಕಲಿಯುತ್ತಿರುವ ವಿದ್ಯಾರ್ಥಿಯ ಕೈಗೆ ಒಪ್ಪಿಸುವುದು ಆ ಕಕ್ಷಿದಾರರಿಗೆ ನ್ಯಾಯ ಒದಗಿಸಿದಂತೆ ಆಗುತ್ತದೆಯೇ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು, ಅಥವಾ ಇದನ್ನು ಹತ್ತಿರದಿಂದ ಬಲ್ಲವರು, ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ (ಬರೆದವರು: ಕ್ಲಿನಿಕ್ ಬೋಧಕಿ)

ನಿಮ್ಮ ಎರಡನೆಯ ಸಂದೇಹದಿಂದಲೇ ಆರಂಭಿಸುತ್ತೇನೆ. ಈ ವೃತ್ತಿಯ ತಿರುಳು ಇರುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ವೈದ್ಯಕೀಯ ವಿದ್ಯಾರ್ಥಿಗಳು ರೋಗಿಯ ಬಳಿಯೇ ಕಲಿಯುವಂತೆ ಕಾನೂನು ವಿದ್ಯಾರ್ಥಿಗಳು ಕಕ್ಷಿದಾರರೊಂದಿಗೆ ಕೆಲಸ ಮಾಡುತ್ತಲೇ ಕಲಿಯಬೇಕು ಎಂದು ಅಮೆರಿಕದ ಕಾನೂನು ಚಿಂತಕ ಜೆರೋಮ್ ಫ್ರಾಂಕ್ 1933ರಲ್ಲಿಯೇ ವಾದಿಸಿದ್ದರು. ಆದರೆ ಆ ವಾದಕ್ಕೆ ಹಣವೂ ಸ್ಥಾನವೂ ದೊರೆತದ್ದು 1960ರ ದಶಕದ ಕೊನೆಯಲ್ಲಿ, ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ದೇಶದ ಅನೇಕ ಲಾ ಸ್ಕೂಲ್‌ಗಳಲ್ಲಿ ಕ್ಲಿನಿಕ್‌ಗಳು ಆರಂಭವಾದಾಗ. ಆಗ ಅವುಗಳ ಮುಂದೆ ಎರಡು ಗುರಿಗಳಿದ್ದವು: ವಕೀಲರನ್ನು ನೇಮಿಸಿಕೊಳ್ಳಲಾಗದ ಬಡವರಿಗೆ ನೆರವು ನೀಡುವುದು, ಮತ್ತು ವಿದ್ಯಾರ್ಥಿಗಳನ್ನು ಹೊಣೆಯರಿತ ವಕೀಲರನ್ನಾಗಿ ರೂಪಿಸುವುದು. ಈ ಎರಡು ಗುರಿಗಳು ಬಹುತೇಕ ಒಂದಕ್ಕೊಂದು ಪೂರಕವಾಗಿರುತ್ತವೆ, ಕೆಲವೊಮ್ಮೆ ಪರಸ್ಪರ ಘರ್ಷಿಸುತ್ತವೆ. ಘರ್ಷಣೆ ಬಂದಾಗ ಕಕ್ಷಿದಾರರ ಹಿತವೇ ಮೊದಲು, ಅದರಲ್ಲಿ ರಾಜಿಯಿಲ್ಲ. ಆದರೆ ಆ ಮಾತನ್ನು ನೆಪ ಮಾಡಿಕೊಂಡು ಪ್ರತಿಯೊಂದು ಕಠಿಣ ಕೆಲಸವನ್ನೂ ತಾವೇ ಮಾಡಿಬಿಡುವ ಬೋಧಕರು ಕಲಿಸುವುದನ್ನೇ ನಿಲ್ಲಿಸಿದಂತೆ. ಯಾವಾಗ ಸುಮ್ಮನಿರಬೇಕು, ಯಾವ ಕ್ಷಣದಲ್ಲಿ ಮಧ್ಯೆ ಪ್ರವೇಶಿಸಬೇಕು ಎಂಬ ವಿವೇಕ ಬರುವುದಕ್ಕೆ ವರ್ಷಗಳೇ ಬೇಕು.

ವಿದ್ಯಾರ್ಥಿಗಳು ಕಕ್ಷಿದಾರರಿಗೆ ಎಷ್ಟು ಉಪಯುಕ್ತರಾಗಬಲ್ಲರು ಎಂಬುದಕ್ಕೆ ಫೌಜಿಯಾ ಕಾಸಿಂಜಾ ಅವರ ಪ್ರಕರಣವನ್ನು ನೋಡಿ. ಜನನಾಂಗ ಛೇದನ ಮತ್ತು ಬಲವಂತದ ವಿವಾಹದಿಂದ ತಪ್ಪಿಸಿಕೊಂಡು ಟೋಗೊ ದೇಶದಿಂದ ಹೊರಟ ಆಕೆ 1994ರ ಡಿಸೆಂಬರಿನಲ್ಲಿ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಆಶ್ರಯ ಕೋರಿದಾಗ ಆಕೆಗೆ 17 ವರ್ಷ. ಅಲ್ಲಿಂದ ಆಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿ ಕಳೆಯಬೇಕಾಯಿತು. ವಲಸೆ ನ್ಯಾಯಾಧೀಶರ ಮುಂದೆ ಆಕೆಯ ಪರವಾಗಿ ನಿಂತವರು ಆಗಿನ್ನೂ ಕಾನೂನು ವಿದ್ಯಾರ್ಥಿನಿಯಾಗಿದ್ದ ಲೈಲಿ ಮಿಲ್ಲರ್. ಅಲ್ಲಿ ಅರ್ಜಿ ತಿರಸ್ಕೃತವಾಯಿತು. ಆ ಬಳಿಕ ಅಮೆರಿಕನ್ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕ್ಲಿನಿಕ್ ಪ್ರಕರಣವನ್ನು ವಹಿಸಿಕೊಂಡಿತು, ಕ್ಯಾರೆನ್ ಮುಸಾಲೊ ಮೇಲ್ಮನವಿ ಮಂಡಳಿಯ ಮುಂದೆ ವಾದಿಸಿದರು, ಮತ್ತು 1996ರ ಜೂನ್‌ನಲ್ಲಿ ಆ ಮಂಡಳಿ ಜನನಾಂಗ ಛೇದನದ ಭಯವನ್ನು ಆಶ್ರಯಕ್ಕೆ ತಕ್ಕ ಕಾರಣವೆಂದು ಒಪ್ಪಿದ ಪೂರ್ವನಿದರ್ಶನ ರೂಪಿಸಿತು. ಮಿಲ್ಲರ್ 1997ರಲ್ಲಿ, ಹಿಂಸೆಯಿಂದ ಪಾರಾದ ವಲಸೆ ಮಹಿಳೆಯರಿಗೆ ಕಾನೂನು ನೆರವು ನೀಡುವ ತಾಹಿರಿ ಜಸ್ಟಿಸ್ ಸೆಂಟರ್ ಸ್ಥಾಪಿಸಿದರು. ಮುಸಾಲೊ 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲಿಂಗ ಮತ್ತು ನಿರಾಶ್ರಿತರ ಅಧ್ಯಯನ ಕೇಂದ್ರವನ್ನು ಕಟ್ಟಿದರು. ಒಂದು ಪ್ರಕರಣ ಒಬ್ಬ ಯುವತಿಯನ್ನು ಉಳಿಸಿತು, ಕಾನೂನನ್ನು ಬದಲಿಸಿತು, ಅದರ ಬೆನ್ನಿಗೇ ಎರಡು ಸಂಸ್ಥೆಗಳು ಹುಟ್ಟಿದವು. ನಿಮ್ಮ ಮೊದಲ ಸಂದೇಹಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಹಾಗೆಂದು ಸಂಖ್ಯೆಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ವಲಸೆ ನ್ಯಾಯಾಲಯದಲ್ಲಿ ವಕೀಲರನ್ನು ಹೊಂದುವ ಹಕ್ಕು ಇದೆ, ಆದರೆ ಸರ್ಕಾರದ ಖರ್ಚಿನಲ್ಲಿ ಅಲ್ಲ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಬಂಧನದಲ್ಲಿರುವವರಿಗೂ ಮಕ್ಕಳಿಗೂ ಇದೇ ನಿಯಮ. 2024ರ ವೇಳೆಗೆ ಈ ನ್ಯಾಯಾಲಯಗಳಲ್ಲಿ ಬಾಕಿ ಇದ್ದ ಪ್ರಕರಣಗಳು 30 ಲಕ್ಷವನ್ನು ದಾಟಿದ್ದವು. ಯಾವ ಕ್ಲಿನಿಕ್ಕೂ ಈ ಅಂತರವನ್ನು ತುಂಬಲಾರದು. ಆದರೆ ಕ್ಲಿನಿಕ್ಕಿನಲ್ಲಿ ತರಬೇತಿ ಪಡೆದವರು ಪದವಿ ಮುಗಿಸಿ ನಿಮ್ಮಂತಹ ಸಂಸ್ಥೆಗಳಿಗೆ ಬರುತ್ತಾರೆ. ನೀವೇ ಅದಕ್ಕೆ ಸಾಕ್ಷಿ.

ಇನ್ನು ವಿದ್ಯಾರ್ಥಿಗಳ ಅನನುಭವದ ಬಗ್ಗೆ. ಬೋಧಕರ ಅಥವಾ ವಕೀಲರ ನೇರ ಮೇಲ್ವಿಚಾರಣೆಯಲ್ಲಿ, ಕಕ್ಷಿದಾರರಿಂದ ಹಣ ಪಡೆಯದೆ, ವಿದ್ಯಾರ್ಥಿಗಳು ವಲಸೆ ನ್ಯಾಯಾಲಯದಲ್ಲಿ ಹಾಜರಾಗಲು ಒಕ್ಕೂಟ ಸರ್ಕಾರದ ನಿಯಮಗಳಲ್ಲೇ ಅವಕಾಶವಿದೆ. ಅವರಲ್ಲಿ ಅನುಭವ ಕಡಿಮೆ, ನಿಜ. ಆದರೆ ಸಮಯ ಹೆಚ್ಚು. ನಮ್ಮಂತಹ ವಕೀಲರು ಒಂದು ಮಧ್ಯಾಹ್ನದಲ್ಲಿ ಮುಗಿಸಬೇಕಾದ ಹೇಳಿಕೆಯನ್ನು ಅವರು ವಾರಗಟ್ಟಲೆ ಕೂತು ಸಿದ್ಧಪಡಿಸುತ್ತಾರೆ. ತೀವ್ರ ಆಘಾತಕ್ಕೆ ಒಳಗಾದ ವ್ಯಕ್ತಿ ಘಟನೆಗಳನ್ನು ಅನುಕ್ರಮವಾಗಿ ಹೇಳುವುದಿಲ್ಲ. ದಿನಾಂಕಗಳು ತಪ್ಪುತ್ತವೆ, ಅತ್ಯಂತ ನೋವಿನ ಸಂಗತಿ ಎಷ್ಟೋ ಭೇಟಿಗಳ ನಂತರ ಹೊರಬರುತ್ತದೆ. ಇತ್ತ 2005ರ ರಿಯಲ್ ಐಡಿ ಕಾಯಿದೆಯ ಪ್ರಕಾರ, ಹೇಳಿಕೆಗಳ ನಡುವಿನ ವ್ಯತ್ಯಾಸ ಪ್ರಕರಣದ ಮೂಲ ವಿಷಯಕ್ಕೆ ಸಂಬಂಧಿಸದಿದ್ದರೂ ಆಶ್ರಯ ಕೋರುವವರು ನಂಬಲರ್ಹರಲ್ಲ ಎಂದು ನ್ಯಾಯಾಧೀಶರು ತೀರ್ಮಾನಿಸಬಹುದು. ಇಂತಹ ಕಡೆ ಆತುರವಿಲ್ಲದ ಕಿವಿಯೇ ದೊಡ್ಡ ಆಸರೆ. ವಿದ್ಯಾರ್ಥಿಯ ಭೇಟಿಗೆ ಮುನ್ನ ಪ್ರಶ್ನೆಗಳನ್ನು ಒಟ್ಟಿಗೆ ಕುಳಿತು ಅಭ್ಯಾಸ ಮಾಡಿಸುವುದು, ಯಾವ ವಿಷಯವನ್ನು ಇಂದು ಕೇಳಬಾರದು ಎಂದು ಮೊದಲೇ ನಿರ್ಧರಿಸುವುದು, ಭೇಟಿ ಮುಗಿದ ಮೇಲೆ ವಿದ್ಯಾರ್ಥಿಯ ಮನಸ್ಸಿನ ಭಾರವನ್ನೂ ವಿಚಾರಿಸುವುದು, ಇವೆಲ್ಲ ನಮ್ಮ ಬೋಧನೆಯ ಭಾಗಗಳು. ಪಠ್ಯಕ್ರಮದ ಯಾವ ಪುಟದಲ್ಲೂ ಇವುಗಳಿಗೆ ತಕ್ಕಷ್ಟು ಜಾಗ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಉತ್ತರ (ಬರೆದವರು: ಕಾರ್ಮಿಕ ಹಕ್ಕುಗಳ ವಕೀಲ)

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಕಳ್ಳಸಾಗಣೆಯ ಪ್ರಕರಣಗಳ ಬಗ್ಗೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ಈ ಕ್ಷೇತ್ರಕ್ಕೆ ಬರುವ ಅನೇಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಸಂತ್ರಸ್ತರ ಒಂದು ಸಿದ್ಧ ಚಿತ್ರ ಇರುತ್ತದೆ: ಅಪಹರಣ, ಬೀಗ ಹಾಕಿದ ಕೋಣೆ, ಪೊಲೀಸರ ದಾಳಿ, ಬಿಡುಗಡೆ. ಆ ಚಿತ್ರಕ್ಕೆ ಹೊಂದದ ಮನುಷ್ಯರನ್ನು ಸಂತ್ರಸ್ತರೆಂದು ಗುರುತಿಸಲು ಅಧಿಕಾರಿಗಳು ಹಿಂಜರಿಯುತ್ತಾರೆ, ಕೆಲವೊಮ್ಮೆ ವಕೀಲರೂ ಹಿಂಜರಿಯುತ್ತಾರೆ.

ಕಾನೂನಿನ ಇತಿಹಾಸದಲ್ಲಿಯೇ ಈ ತೊಡಕು ಇದೆ. 1988ರಲ್ಲಿ ಕೊಜ್ಮಿನ್ಸ್ಕಿ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ದೈಹಿಕ ಬಲಪ್ರಯೋಗ ಅಥವಾ ಕಾನೂನಿನ ಮೂಲಕ ಒತ್ತಾಯ, ಇಲ್ಲವೇ ಅವುಗಳ ಬೆದರಿಕೆ ಇದ್ದಾಗ ಮಾತ್ರ ಬಲವಂತದ ಗುಲಾಮಗಿರಿಯ ಅಪರಾಧ ಸಾಬೀತಾಗುತ್ತದೆ ಎಂದು ಸಂಕುಚಿತವಾಗಿ ಅರ್ಥೈಸಿತು. ಮಾನಸಿಕ ಒತ್ತಡ ಆ ವ್ಯಾಖ್ಯೆಯ ಹೊರಗೆ ಉಳಿಯಿತು. 1995ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಮಾಂಟೆಯಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ ಬಟ್ಟೆ ಹೊಲಿಯುತ್ತಿದ್ದ 72 ಮಂದಿ ಥಾಯ್ ಕಾರ್ಮಿಕರು ಪತ್ತೆಯಾದರು. ಅವರನ್ನು ಅಲ್ಲಿಂದ ಬಿಡಿಸಿದ ಸರ್ಕಾರವೇ ಮೊದಲಿಗೆ ಅವರನ್ನು ವಲಸೆ ಬಂಧನದಲ್ಲಿಟ್ಟಿತು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಮರೆಯಬಾರದು. 2000ದ ಕಳ್ಳಸಾಗಣೆ ಸಂತ್ರಸ್ತರ ರಕ್ಷಣಾ ಕಾಯಿದೆ ಬಂದದ್ದು ಇಂತಹ ಅನುಭವಗಳ ಹಿನ್ನೆಲೆಯಲ್ಲಿ. ಕಾನೂನನ್ನು ದುರುಪಯೋಗಪಡಿಸಿ ಬೆದರಿಸುವುದು, ಗಂಭೀರ ಹಾನಿಯ ಭಯ ಹುಟ್ಟಿಸುವುದು ಇವೆಲ್ಲವೂ ಬಲವಂತದ ದುಡಿಮೆಯ ವ್ಯಾಪ್ತಿಗೆ ಬಂದವು. ಕಳ್ಳಸಾಗಣೆಯ ಸಂತ್ರಸ್ತರಿಗೆ ಟಿ-ವೀಸಾ, ಇತರ ಗಂಭೀರ ಅಪರಾಧಗಳ ಸಂತ್ರಸ್ತರಿಗೆ ಯು-ವೀಸಾ ಹುಟ್ಟಿದವು. 2003ರ ತಿದ್ದುಪಡಿಯಿಂದ ಸಂತ್ರಸ್ತರೇ ಸಿವಿಲ್ ದಾವೆ ಹೂಡುವ ಹಕ್ಕು ಪಡೆದರು.

ಈ ಬದಲಾವಣೆಯ ಬೆಲೆ ಏನೆಂಬುದು ನಮ್ಮವರಿಗೆ ಚೆನ್ನಾಗಿ ಅರ್ಥವಾಗಬೇಕಾದರೆ ಸಿಗ್ನಲ್ ಇಂಟರ್‌ನ್ಯಾಷನಲ್ ಪ್ರಕರಣವನ್ನು ಓದಬೇಕು. ಕತ್ರೀನಾ ಚಂಡಮಾರುತದ ನಂತರ ಈ ಕಂಪನಿ ಭಾರತದಿಂದ ಸುಮಾರು 500 ಮಂದಿ ವೆಲ್ಡರ್ ಮತ್ತು ಪೈಪ್ ಫಿಟರ್‌ಗಳನ್ನು ಎಚ್-2ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದ ಮೇಲೆ ಮಿಸಿಸಿಪಿ ಮತ್ತು ಟೆಕ್ಸಾಸ್‌ನ ಹಡಗುಕಟ್ಟೆಗಳಿಗೆ ಕರೆಸಿಕೊಂಡಿತು. ಗ್ರೀನ್ ಕಾರ್ಡ್ ಸಿಗುತ್ತದೆಂಬ ಭರವಸೆ ನಂಬಿ ಅವರು ನೇಮಕಾತಿ ದಲ್ಲಾಳಿಗಳಿಗೆ ತಲಾ 10,000 ಡಾಲರ್‌ಗೂ ಹೆಚ್ಚು ಹಣವನ್ನು ಸಾಲ ಮಾಡಿ, ಆಸ್ತಿ ಮಾರಿ ಕೊಟ್ಟಿದ್ದರು. ಇಲ್ಲಿಗೆ ಬಂದ ಮೇಲೆ ಕಾವಲಿರುವ ಶಿಬಿರದಲ್ಲಿ, ಒಂದೊಂದು ಟ್ರೇಲರ್‌ನಲ್ಲಿ 24 ಮಂದಿಯವರೆಗೆ ತುಂಬಿಸಿ, ಅದಕ್ಕಾಗಿ ಪ್ರತಿಯೊಬ್ಬರಿಂದ ತಿಂಗಳಿಗೆ ಸುಮಾರು 1,050 ಡಾಲರ್ ಕಡಿತ ಮಾಡಲಾಯಿತು. ಕೆಲಸ ಬಿಟ್ಟರೆ ವೀಸಾ ಹೋಗುತ್ತದೆ, ಊರಿನಲ್ಲಿ ಸಾಲ ಕಾದಿರುತ್ತದೆ. ಸರಪಳಿಯ ಅಗತ್ಯವೇ ಇರಲಿಲ್ಲ. 2015ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ನ ಜ್ಯೂರಿ ಐವರು ಕಾರ್ಮಿಕರಿಗೆ ಸುಮಾರು 1.4 ಕೋಟಿ ಡಾಲರ್ ಪರಿಹಾರ ನೀಡುವಂತೆ ತೀರ್ಪು ಕೊಟ್ಟಿತು. ಇವರು ನ್ಯಾಯಬದ್ಧ ವೀಸಾದ ಮೇಲೆ ಬಂದ ನುರಿತ ಕುಶಲಕರ್ಮಿಗಳು. ಮೇಲೆ ಹೇಳಿದ ಸಿದ್ಧ ಚಿತ್ರಕ್ಕೆ ಯಾವ ರೀತಿಯಲ್ಲೂ ಹೊಂದದವರು.

ಆದ್ದರಿಂದ ಕಳ್ಳಸಾಗಣೆಯ ಕ್ಲಿನಿಕ್ ವೀಸಾ ಅರ್ಜಿಯಲ್ಲಿಯೇ ನಿಲ್ಲಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾರಾಗಿ ಬಂದ ವ್ಯಕ್ತಿಗೆ ಬಾಕಿ ಕೂಲಿಯೂ ಬೇಕು, ಮಕ್ಕಳನ್ನು ಕರೆಸಿಕೊಳ್ಳುವ ದಾರಿಯೂ ಬೇಕು, ಬಲವಂತದಿಂದ ಮಾಡಿದ ಕೃತ್ಯಕ್ಕೆ ತನ್ನ ಮೇಲೆ ದಾಖಲಾದ ಅಪರಾಧ ನಿರ್ಣಯವನ್ನು ರದ್ದುಗೊಳಿಸುವ ಆದೇಶವೂ ಬೇಕು. ಈ ಕೊನೆಯದಕ್ಕೆ 2010ರಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ನ್ಯೂಯಾರ್ಕ್. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬ್ರಿಜೆಟ್ ಕಾರ್ 2009ರಲ್ಲಿ ಮಾನವ ಕಳ್ಳಸಾಗಣೆಗೇ ಮೀಸಲಾದ ಕ್ಲಿನಿಕ್ ಆರಂಭಿಸಿದ ಮೇಲೆ, ಈ ಎಲ್ಲ ಅಗತ್ಯಗಳನ್ನು ಒಂದೇ ಸೂರಿನಡಿ ತರಬಹುದೆಂಬ ನಂಬಿಕೆ ಇತರರಿಗೂ ಬಂತು.

ಪೊಲೀಸರೊಂದಿಗಿನ ಸಂಬಂಧವೂ ಸೂಕ್ಷ್ಮವಾದದ್ದು. 18 ವರ್ಷ ದಾಟಿದ ಅರ್ಜಿದಾರರು ತನಿಖಾಧಿಕಾರಿಗಳ ಸಮಂಜಸವಾದ ಕೋರಿಕೆಗಳಿಗೆ ಸಹಕರಿಸಬೇಕೆಂದು ಟಿ-ವೀಸಾದ ಷರತ್ತು ಹೇಳುತ್ತದೆ. ಆಘಾತದ ಕಾರಣ ಸಹಕರಿಸಲಾಗದವರಿಗೆ ವಿನಾಯಿತಿ ಇದೆ. ಸರ್ಕಾರಿ ಅಭಿಯೋಜಕರಿಗೆ ಬೇಕಾದದ್ದು ಒಬ್ಬ ಸಾಕ್ಷಿ, ನಮ್ಮ ಹೊಣೆ ಒಬ್ಬ ಕಕ್ಷಿದಾರ. ಇವೆರಡರ ಗುರಿ ಒಂದೇ ದಿಕ್ಕಿನಲ್ಲಿ ಇರುವಂತೆ ಕಂಡರೂ ವಿದ್ಯಾರ್ಥಿ ಪ್ರತಿ ಭೇಟಿಯಲ್ಲೂ ತಾನು ಯಾರ ವಕೀಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಕ್ಲಿನಿಕ್ಕಿನಲ್ಲಿ ಸಮಾಜಕಾರ್ಯದ ವಿದ್ಯಾರ್ಥಿಗಳೂ ಇದ್ದರೆ ಇನ್ನೊಂದು ಪ್ರಶ್ನೆ ಏಳುತ್ತದೆ: ಮಗುವಿನ ಮೇಲಿನ ದೌರ್ಜನ್ಯ ತಿಳಿದುಬಂದರೆ ವರದಿ ಮಾಡಬೇಕೆಂದು ಅವರ ವೃತ್ತಿಯ ಕಾನೂನು ಹೇಳುತ್ತದೆ, ಗೋಪ್ಯತೆ ಕಾಯಬೇಕೆಂದು ನಮ್ಮ ವೃತ್ತಿಧರ್ಮ ಹೇಳುತ್ತದೆ. ಮೊದಲ ಕಕ್ಷಿದಾರರು ಬಾಗಿಲಿಗೆ ಬರುವ ಮುನ್ನವೇ ಇದನ್ನು ಲಿಖಿತವಾಗಿ ಇತ್ಯರ್ಥಪಡಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೋಧನೆಗೆ ಹೋದರೆ ಪ್ರಕರಣಗಳನ್ನು ಕೈಬಿಟ್ಟಂತೆ ಎಂದು ನಾನು ಭಾವಿಸಿದ್ದ ರೀತಿಯನ್ನು ಮರುಪರಿಶೀಲಿಸಬೇಕೆನಿಸುತ್ತಿದೆ. ಉಳಿದದ್ದು ಎರಡು ವಿಷಯ. ನನ್ನ ಬಳಿ ಪ್ರಕಟಿತ ಲೇಖನಗಳಿಲ್ಲ. ಇಂತಹ ಹುದ್ದೆಗೆ ಪ್ರವೇಶ ಹೇಗೆ? ಮತ್ತು ಸೆಮಿಸ್ಟರ್ ಮುಗಿದು ವಿದ್ಯಾರ್ಥಿಗಳು ಹೊರಟಾಗ, ವರ್ಷಗಟ್ಟಲೆ ನಡೆಯುವ ಪ್ರಕರಣಗಳ ಗತಿ ಏನು?

ಉತ್ತರ (ಬರೆದವರು: ಫೆಲೋಶಿಪ್ ಮುಗಿಸಿ ಬೋಧನೆಗೆ ಬಂದವನು)

ಪ್ರವೇಶದ ಬಗ್ಗೆ ನಾನು ಹೇಳಬಲ್ಲೆ. ಸಾಮಾನ್ಯ ದಾರಿ ಎಂದರೆ ಕೆಲವು ವರ್ಷಗಳ ವಕಾಲತ್ತಿನ ನಂತರ ಕ್ಲಿನಿಕಲ್ ಬೋಧನೆಯ ಫೆಲೋಶಿಪ್. ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾರ್ಯಕ್ರಮ ಇವುಗಳಲ್ಲಿ ಹೆಸರಾದದ್ದು: ಎರಡು ವರ್ಷ ಅನುಭವಿ ಬೋಧಕರ ಜೊತೆ ವಿದ್ಯಾರ್ಥಿಗಳ ಮೇಲ್ವಿಚಾರಣೆ ಮಾಡುತ್ತ, ಬೋಧನೆಯ ವಿಧಾನವನ್ನೂ ಕಲಿಯುತ್ತ, ಕೊನೆಗೆ ಎಲ್‌ಎಲ್‌.ಎಂ. ಪದವಿ ಪಡೆಯುವುದು. ಅಲ್ಲಿನ ಆಶ್ರಯ ಪ್ರಕರಣಗಳ ಕ್ಲಿನಿಕ್ಕಿನಲ್ಲಿ ಫಿಲಿಪ್ ಶ್ರಾಗ್ ಅವರ ಕೈಕೆಳಗೆ ಪಳಗಿದ ಅನೇಕರು ಮುಂದೆ ತಮ್ಮದೇ ಕ್ಲಿನಿಕ್‌ಗಳನ್ನು ನಡೆಸಿದ್ದಾರೆ. ನಿಮಗಿರುವ ನ್ಯಾಯಾಲಯದ ಅನುಭವವೇ ಅರ್ಜಿಯ ಮುಖ್ಯ ಬಲ. ಬರವಣಿಗೆಯನ್ನು ಫೆಲೋಶಿಪ್ಪಿನ ಅವಧಿಯಲ್ಲಿ ಆರಂಭಿಸಬಹುದು, ಮತ್ತು ನಿಮ್ಮ ಪ್ರಕರಣಗಳಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ತೊಡಕನ್ನೇ ವಿಷಯವಾಗಿ ಆರಿಸಿಕೊಂಡರೆ ಲೇಖನ ಬಲವಾಗಿರುತ್ತದೆ. 1994ರಿಂದ ಪ್ರಕಟವಾಗುತ್ತಿರುವ ಕ್ಲಿನಿಕಲ್ ಲಾ ರಿವ್ಯೂ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಿದರೆ ಈ ಸಮುದಾಯ ಯಾವ ಪ್ರಶ್ನೆಗಳ ಸುತ್ತ ಯೋಚಿಸುತ್ತಿದೆ ಎಂಬುದು ತಿಳಿಯುತ್ತದೆ.

ಹುದ್ದೆಯ ಭದ್ರತೆಯನ್ನು ಮಾತ್ರ ಕಣ್ಣಿಟ್ಟು ನೋಡಿ. ಕ್ಲಿನಿಕ್ ಬೋಧಕರಿಗೆ, ಪ್ರಾಧ್ಯಾಪಕರ ಕಾಯಂ ನೇಮಕಾತಿಯಾದ ಟೆನ್ಯೂರ್‌ಗೆ ಸಮಾನವಾಗಿ ಹೋಲುವ ಭದ್ರತೆ ಇರಬೇಕೆಂದು ಲಾ ಸ್ಕೂಲ್‌ಗಳಿಗೆ ಮಾನ್ಯತೆ ನೀಡುವ ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾನದಂಡ ಹೇಳುತ್ತದೆಯಾದರೂ, ದೀರ್ಘಾವಧಿಯ ಗುತ್ತಿಗೆಯಿಂದಲೂ ಅದನ್ನು ಪೂರೈಸಬಹುದು. ಶಾಲೆಯಿಂದ ಶಾಲೆಗೆ ಸ್ಥಾನ, ಸಂಬಳ, ಮತದಾನದ ಹಕ್ಕು ಎಲ್ಲವೂ ಬೇರೆ. 2014ರಲ್ಲಿ ಅಂಗೀಕಾರವಾದ ನಿಯಮದಂತೆ ಪ್ರತಿ ವಿದ್ಯಾರ್ಥಿ ಆರು ಕ್ರೆಡಿಟ್ ಅನುಭವಾಧಾರಿತ ಕಲಿಕೆಯನ್ನು ಪೂರೈಸಬೇಕಾಗಿ ಬಂದ ಮೇಲೆ ಬೇಡಿಕೆ ಹೆಚ್ಚಿತು, ಸ್ಥಾನಮಾನ ಅದೇ ವೇಗದಲ್ಲಿ ಹೆಚ್ಚಲಿಲ್ಲ. ಭದ್ರತೆ ಯಾಕೆ ಮುಖ್ಯವೆಂದರೆ, ಬಲಿಷ್ಠರ ವಿರುದ್ಧ ನಿಲ್ಲುವ ಕ್ಲಿನಿಕ್‌ಗಳ ಮೇಲೆ ಒತ್ತಡ ಬರುತ್ತದೆ. ಟುಲೇನ್ ವಿಶ್ವವಿದ್ಯಾಲಯದ ಪರಿಸರ ಕ್ಲಿನಿಕ್ ಕಾರ್ಖಾನೆಯೊಂದನ್ನು ವಿರೋಧಿಸಿದ ನಂತರ, ವಿದ್ಯಾರ್ಥಿಗಳು ಯಾರನ್ನು ಪ್ರತಿನಿಧಿಸಬಹುದೆಂಬ ನಿಯಮವನ್ನೇ ಲೂಸಿಯಾನಾದ ಸುಪ್ರೀಂ ಕೋರ್ಟ್ 1998ರಲ್ಲಿ ಬಿಗಿಗೊಳಿಸಿತು. ವಲಸೆ ಕ್ಲಿನಿಕ್‌ಗಳ ಎದುರಾಳಿ ಒಕ್ಕೂಟ ಸರ್ಕಾರವೇ. 2017ರ ಜನವರಿಯಲ್ಲಿ ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶಗಳವರ ಪ್ರವೇಶವನ್ನು ತಡೆಯುವ ಪ್ರಯಾಣ ನಿಷೇಧದ ಆದೇಶ ಹೊರಬಿದ್ದಾಗ ಯೇಲ್‌ನ ಕ್ಲಿನಿಕ್ಕಿನ ವಿದ್ಯಾರ್ಥಿಗಳು ರಾತ್ರೋರಾತ್ರಿ ದಾವೆಯ ಕಾಗದಪತ್ರ ಸಿದ್ಧಪಡಿಸುವುದರಲ್ಲಿ ಭಾಗಿಯಾದರು, ಮರುದಿನವೇ ಬ್ರೂಕ್ಲಿನ್‌ನ ಫೆಡರಲ್ ನ್ಯಾಯಾಧೀಶರು ವಿಮಾನ ನಿಲ್ದಾಣಗಳಲ್ಲಿ ತಡೆಹಿಡಿಯಲಾದವರನ್ನು ಹಿಂದಕ್ಕೆ ಕಳುಹಿಸದಂತೆ ತಡೆಯಾಜ್ಞೆ ನೀಡಿದರು. ನಾಳೆ ಕೆಲಸ ಹೋದೀತೆಂಬ ಅಂಜಿಕೆಯಲ್ಲಿರುವ ಬೋಧಕರು ಅಂತಹ ರಾತ್ರಿಯಲ್ಲಿ ವಿದ್ಯಾರ್ಥಿಗಳನ್ನು ಮುನ್ನಡೆಸುವುದು ಕಷ್ಟ.

ಗೆಲುವು ಶಾಶ್ವತವಲ್ಲ ಎಂಬುದಕ್ಕೂ ಸಿದ್ಧರಾಗಿರಿ. ವಲಸೆ ನ್ಯಾಯಾಲಯಗಳು ನ್ಯಾಯಾಂಗ ಇಲಾಖೆಯ ಅಧೀನದಲ್ಲಿರುವುದರಿಂದ ಆ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಪೂರ್ವನಿದರ್ಶನಗಳನ್ನು ಬದಲಿಸಬಲ್ಲರು. ಮನೆಯೊಳಗಿನ ಹಿಂಸೆಯಿಂದ ಓಡಿಬಂದ ಮಹಿಳೆಯರಿಗೆ 2014ರಲ್ಲಿ ತೆರೆದ ಬಾಗಿಲನ್ನು 2018ರಲ್ಲಿ ಒಬ್ಬ ಅಟಾರ್ನಿ ಜನರಲ್ ಮುಚ್ಚಿದರು, 2021ರಲ್ಲಿ ಇನ್ನೊಬ್ಬರು ಆ ಆದೇಶವನ್ನು ಹಿಂಪಡೆದರು. ಒಂದೇ ವಾದವನ್ನು ಮೂರು ಬಾರಿ ಹೊಸದಾಗಿ ಕಟ್ಟುವ ತಾಳ್ಮೆ ಇಲ್ಲದವರಿಗೆ ಈ ಕ್ಷೇತ್ರ ಒಗ್ಗುವುದಿಲ್ಲ.

ಉತ್ತರ (ಬರೆದವರು: ಕ್ಲಿನಿಕ್ ಬೋಧಕಿ)

ಪ್ರಕರಣಗಳ ಹಸ್ತಾಂತರದ ಬಗ್ಗೆ ನಾನು ಪೂರ್ಣಗೊಳಿಸುತ್ತೇನೆ. ದಾಖಲೆಯಲ್ಲಿ ವಕೀಲರಾಗಿರುವವರು ಬೋಧಕರೇ ಆದ್ದರಿಂದ ಕಕ್ಷಿದಾರರು ಯಾವ ಹಂತದಲ್ಲೂ ವಕೀಲರಿಲ್ಲದೆ ಉಳಿಯುವುದಿಲ್ಲ, ಬೇಸಿಗೆ ರಜೆಯಲ್ಲಿ ಇಡೀ ಹೊರೆ ನಮ್ಮ ಮೇಲೆಯೇ ಬೀಳುತ್ತದೆ. ಆದರೆ ಕಾಗದದ ಮೇಲಿನ ನಿರಂತರತೆ ಬೇರೆ, ಕಕ್ಷಿದಾರರು ಅನುಭವಿಸುವ ನಿರಂತರತೆ ಬೇರೆ. ತನ್ನ ಬದುಕಿನ ಅತ್ಯಂತ ಕಹಿಯಾದ ಭಾಗವನ್ನು ಒಬ್ಬ ವಿದ್ಯಾರ್ಥಿಗೆ ನಂಬಿ ಹೇಳಿದ ವ್ಯಕ್ತಿಗೆ ಜನವರಿಯಲ್ಲಿ ಹೊಸ ಮುಖವನ್ನು ತೋರಿಸಿ ಮತ್ತೆ ಮೊದಲಿನಿಂದ ಹೇಳಿ ಎನ್ನುವುದು ಕ್ರೌರ್ಯ.

ಹಾಗಾಗಿ ವಿದ್ಯಾರ್ಥಿ ಎಷ್ಟು ಕಾಲ ಇರುತ್ತಾರೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ತಿಳಿಸಬೇಕು, ಸಾಧ್ಯವಾದಲ್ಲಿ ಕ್ಲಿನಿಕ್ಕನ್ನು ಇಡೀ ವರ್ಷದ ಕೋರ್ಸ್ ಮಾಡಬೇಕು. ಹೊರಡುವ ವಿದ್ಯಾರ್ಥಿ ಬರೆಯುವ ಟಿಪ್ಪಣಿಯಲ್ಲಿ ಗಡುವುಗಳು ಮತ್ತು ದಾಖಲೆಗಳ ಜೊತೆಗೆ ಕಕ್ಷಿದಾರರು ಯಾವ ಪ್ರಶ್ನೆಗೆ ಮೌನವಾಗುತ್ತಾರೆ, ಯಾವ ಹೊತ್ತಿನಲ್ಲಿ ಮಾತನಾಡಲು ಬಯಸುತ್ತಾರೆ, ಯಾವ ದುಭಾಷಿಯನ್ನು ನಂಬುತ್ತಾರೆ ಎಂಬುದೂ ಇರಬೇಕು. ದುಭಾಷಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಸಣ್ಣ ಭಾಷಾ ಸಮುದಾಯಗಳಲ್ಲಿ ದುಭಾಷಿಗೂ ಶೋಷಕರಿಗೂ ಪರಿಚಯವಿರುವ ಸಾಧ್ಯತೆಯನ್ನು ಮೊದಲೇ ವಿಚಾರಿಸಿ ತಿಳಿಯಬೇಕು. ಕೊನೆಯ ಭೇಟಿಗೆ ಹಳೆಯ ಮತ್ತು ಹೊಸ ವಿದ್ಯಾರ್ಥಿಗಳು ಇಬ್ಬರೂ ಬರುತ್ತಾರೆ, ಬೋಧಕರೂ ಇರುತ್ತಾರೆ, ಅಂದು ಪ್ರಕರಣದ ಸಂಗತಿಗಳ ಬಗ್ಗೆ ಹೊಸ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ.

ಟಿ-ವೀಸಾ ದೊರೆತರೆ ಅದರ ಅವಧಿ ನಾಲ್ಕು ವರ್ಷ. ಸಾಮಾನ್ಯವಾಗಿ ಮೂರು ವರ್ಷಗಳ ವಾಸದ ನಂತರ ಶಾಶ್ವತ ನಿವಾಸಕ್ಕೆ ಅರ್ಜಿ ಹಾಕಬಹುದು. ಅಂದರೆ ಅರ್ಜಿಯನ್ನು ಸಿದ್ಧಪಡಿಸಿದ ವಿದ್ಯಾರ್ಥಿ ಪದವಿ ಪಡೆದು ವಕೀಲರಾಗಿ ಎಲ್ಲೋ ನೆಲೆಸಿದ ಮೇಲೂ ಆ ಗಡುವು ನಮ್ಮ ಕ್ಯಾಲೆಂಡರ್‌ನಲ್ಲಿ ಉಳಿದಿರುತ್ತದೆ. ನೀವು ಸಂದರ್ಶನಕ್ಕೆ ಹೋದಾಗ ಆ ಕ್ಯಾಲೆಂಡರ್ ಯಾರ ಹೊಣೆ, ಬೇಸಿಗೆಯ ಕೆಲಸಕ್ಕೆ ಸಂಬಳ ಇದೆಯೇ, ಒಬ್ಬ ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳನ್ನು ಕೊಡುತ್ತಾರೆ ಎಂದು ತಪ್ಪದೆ ಕೇಳಿ. ಎಂಟು ವಿದ್ಯಾರ್ಥಿಗಳ ಆಸುಪಾಸಿನಲ್ಲಿ ಇದ್ದರೆ ಈ ಬಗೆಯ ಪ್ರಕರಣಗಳನ್ನು ಧೈರ್ಯವಾಗಿ ವಹಿಸಿಕೊಳ್ಳಬಹುದು. ಅದರ ದುಪ್ಪಟ್ಟು ಎಂದರೆ ನಾನಾಗಿದ್ದರೆ ಒಪ್ಪುವುದಿಲ್ಲ.